ದುಬೈಗೆ ಕಟ್ಟಿದ ಅಂಟಿನುಂಡಿ

ಶರಣಮ್ಮ ಕಾಕು ಸುದ್ದಿ ತಂದಳೆಂದರೆ ಆವತ್ತು ಶಿವಕಾಂತಾಳಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಅಂತಲೇ ತಿಳಿಯಬೇಕು. ಸುದ್ದಿಯೆಲ್ಲ ದುಬೈಯದು. ಅಲ್ಲಿ ಕೂಲಿಯವರಿಗೆ ಜ್ವರ ಬಂದರೆ ದವಾಖಾನೆಗೆ ಒಯ್ದು ಮಲಗಿಸುತ್ತಾರಂತೆ, ಮಲಗಿದವನ ಒಂದು ಕಿಡ್ನಿ ತೆಗೆದು ಹೊಲಿಗೆ ಹಾಕಿ ಕಳಿಸುತ್ತಾರಂತೆ, ಪಾಪ ಅವನಿಗೆ ಊರಿಗೆ ಬಂದು ಹೊಟ್ಟೆಯ ಫೋಟೋ ತೆಗೆಸಿದಾಗಲೇ ಗೊತ್ತಾಗುವುದಂತೆ. ಮಟನ್ ಅಂತ ಹೇಳಿ ಒಂಟೆ ಮಾಂಸ ಬಡಿಸುತ್ತಾರಂತೆ. ಒಂದು ಕೋಣೆಗೆ ಎಂಟು ಜನರನ್ನು ತುಂಬುತ್ತಾರಂತೆ, ಅದರಲ್ಲಿ ಅರ್ಧ ಜನ ದಿಂಬಿನ ಕೆಳಗೆ ಚಾಕು ಇಟ್ಟುಕೊಂಡು ಮಲಗುವ ಪಠಾಣರಂತೆ. ಬಿಸಿಲಿಗೆ ಚಪ್ಪಲಿ ಕರಗಿ ಕಾಲಿಗೆ ಅಂಟುತ್ತದಂತೆ, ಆಮೇಲೆ ಚರ್ಮದ ಸಮೇತ ಕೀಳಬೇಕಂತೆ. "ನಾ ಹೇಳ್ಲಾಕತ್ತಿಲ್ಲವ್ವ, ಮೊಬೈಲ್‌ದಾಗ ಬಂದದ," ಅನ್ನುವುದು ಶರಣಮ್ಮನ ಕೊನೆಯ ಮಾತು. ಮೊಬೈಲಿನಲ್ಲಿ ಬಂದದ್ದಕ್ಕೆ ಎದುರಾಡುವವರು ಪುಣೆಯ ಕೊಂಢವಾ ಬಡಾವಣೆಯ ಆ ತಗಡಿನ ಪತ್ರಾ ಮನೆಗಳ ಸಾಲಿನಲ್ಲಿ ಯಾರಿದ್ದರು ಹೇಳಿ.

ಶರಣಮ್ಮನ ಗಂಡ ಲಾಲಪ್ಪ, ಶಿವಕಾಂತಾಳ ಗಂಡ ಅಂಬಾದಾಸ. ಇಬ್ಬರೂ ಕಟ್ಟಡಗಳಿಗೆ ಕಬ್ಬಿಣದ ಸಳಿ ಕಟ್ಟುವವರು, ಕಲಬುರಗಿ ಕಡೆಯ ಒಂದೇ ಊರಿನವರು. ಮೀಸೆ ಮೂಡದ ಅಂಬಾದಾಸನನ್ನು ಪುಣೆಗೆ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು, ತಂತಿ ತಿರುವುವ ಕೊಕ್ಕೆ ಕೈಗೆ ಕೊಟ್ಟು ಕೆಲಸ ಕಲಿಸಿದವನೇ ಲಾಲಪ್ಪ. ರಕ್ತಸಂಬಂಧ ಇಲ್ಲದಿದ್ದರೂ ಅದಕ್ಕೇ ಅವನು ಕಾಕಾ, ಅವಳು ಕಾಕು. ಈಗ ಇಬ್ಬರಿಗೂ ದುಬೈಯ ಒಂದು ಕಂಪನಿಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ವೀಸಾ ಬಂತು, ಟಿಕೆಟ್ ಬಂತು, ಶಿವಕಾಂತಾಳ ನಿದ್ದೆ ಹೋಯಿತು.

"ಇಲ್ಲಿ ಹನ್ನೆರಡನೇ ಮಜಲಿ ಮ್ಯಾಲ ಬೆಲ್ಟ್ ಇಲ್ದ ನಿಂತು ಸಳಿ ಕಟ್ತೀನಿ. ಅದಕ್ಕ ಎಂದಾದರೂ ಅಂಜಿದೇನು ನೀ?" ಎಂದು ಅಂಬಾದಾಸ ಕೇಳಿದ್ದ. "ಆ ಒಂಟಿ ಮಾಂಸಕ್ಕ ಅಂಜತಿ."

ಮಾತು ಖರೆ. ಆದರೆ ಹೆದರಿಕೆಗೆ ಖರೆ ಸುಳ್ಳಿನ ಹಂಗು ಎಲ್ಲಿರುತ್ತದೆ? ಹನ್ನೆರಡನೇ ಮಜಲನ್ನು ಅವಳು ದಿನಾ ನೋಡುತ್ತಿದ್ದಳು, ದುಬೈಯನ್ನು ನೋಡಿರಲಿಲ್ಲ. ನೋಡದ ಊರಿನಲ್ಲಿ ಎಷ್ಟು ದೆವ್ವ ಬೇಕಾದರೂ ಹಿಡಿಸುತ್ತವೆ.

ಅವಳ ಪುಣ್ಯಕ್ಕೆ ಸುದ್ದಿಗಳನ್ನು ಇಳಿಸಿ ಹಗುರಾಗಲು ಒಂದು ಜಾಗವಿತ್ತು. ಮುಂಜಾನೆ ಅವಳು ಕೆಲಸಕ್ಕೆ ಹೋಗುತ್ತಿದ್ದ ಹೋಟೆಲಿನ ಮಾಲೀಕ ಕುಶಲ ಕುಂದಾಪುರದ ಕಡೆಯವನು. ಪುಣೆಗೆ ಬರುವ ಮುಂಚೆ ಎಂಟು ವರ್ಷ ದುಬೈಯಲ್ಲೇ ಅಡುಗೆ ಮಾಡಿಕೊಂಡಿದ್ದವನು. ಅವಳು ಈರುಳ್ಳಿ ಹೆಚ್ಚುತ್ತಾ ಒಂದೊಂದೇ ಕೇಳುವಳು, ಅವನು ಗಲ್ಲಾದಲ್ಲಿ ಕೂತು ಹೊಟ್ಟೆ ಕುಣಿಸಿ ನಗುವನು. "ಒಂಟೆ ಮಾಂಸ ನಿನ್ನ ಗಂಡನಿಗೆ ಯಾರು ಹಾಕ್ತಾರೆ ಮಾರಾಯ್ತಿ, ಅದು ಅಲ್ಲಿ ಕೋಳಿಗಿಂತ ದುಬಾರಿ." ಪಠಾಣರ ಮಾತು ಬಂದಾಗ ಅವನು ನಕ್ಕದ್ದು ಇನ್ನೂ ಜೋರು. "ನನ್ನ ಕೋಣೆಯಲ್ಲಿ ಒಬ್ಬ ಇದ್ದ. ಇಷ್ಟೆತ್ತರ ಆಳು. ರಾತ್ರಿ ಜಿರಲೆ ಕಂಡ್ರೆ ಮಂಚ ಹತ್ತಿ ನಿಂತ್ಕೊಳ್ತಿದ್ದ." ಅವನ ನಗು ಕೇಳಿದರೆ ಅವಳಿಗೆ ಅರ್ಧ ದಿನಕ್ಕಾಗುವಷ್ಟು ಧೈರ್ಯ ಬರುತ್ತಿತ್ತು. ಸಂಜೆಗೆ ಶರಣಮ್ಮ ಬಂದು ಅದನ್ನು ತೊಳೆದು ಹಾಕುತ್ತಿದ್ದಳು.

ಹೊರಡುವ ಹಿಂದಿನ ದಿನ ಅವಳು ಅಂಟಿನುಂಡಿ ಕಟ್ಟಿದಳು. ನಮ್ಮ ಕಡೆ ದೂರ ಹೋಗುವವರ ಗಂಟಿನಲ್ಲಿ ಅದಿಲ್ಲದಿದ್ದರೆ ಆದೀತೇ? ಅಂಟನ್ನು ತುಪ್ಪದಲ್ಲಿ ಅರಳಿಸಿ, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ, ಮತ್ತೆ ಗಸಗಸೆ. ಅಲ್ಲಿನ ಅನ್ನ ಬಾಯಿಗೆ ಹತ್ತದಿದ್ದರೆ ಎರಡು ಉಂಡೆ ತಿಂದು ನೀರು ಕುಡಿದಾನು ಅನ್ನುವುದು ಅವಳ ಲೆಕ್ಕ. ಅಂಬಾದಾಸನಿಗೆ ಹೊಸ ಜಾಗದಲ್ಲಿ ನಿದ್ದೆ ಬರುವುದಿಲ್ಲ, ಗಸಗಸೆ ನಿದ್ದೆ ತರಿಸುತ್ತದೆ ಎಂದು ಅದನ್ನು ಇನ್ನೊಂದು ಹಿಡಿ ಹೆಚ್ಚಿಗೇ ಹುರಿದು ಹಾಕಿದಳು. ಭಾರವಾಗುತ್ತದೆ, ಏನೂ ತುರುಕಬೇಡ ಎಂದು ಅವನು ಮೊದಲೇ ಗದರಿದ್ದರಿಂದ, ಸ್ಟೀಲ್ ಡಬ್ಬಿಯನ್ನು ಲುಂಗಿಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಳು.

ಮರುದಿನ ಬೆಳಿಗ್ಗೆ ಅಂಬಾದಾಸ, ಲಾಲಪ್ಪ ಇಬ್ಬರೂ ರಿಕ್ಷಾ ಹತ್ತಿದರು. ರಿಕ್ಷಾ ಲುಲ್ಲಾನಗರ ದಾಟಿತ್ತೋ ಇಲ್ಲವೋ, ಶಿವಕಾಂತಾ ಫೋನ್ ಮಾಡಿದಳು. ಏರ್‌ಪೋರ್ಟಿನಲ್ಲಿ ಯಾರಾದರೂ ಪೊಟ್ಟಣ ಕೊಟ್ಟರೆ ತಗೋಬೇಡಿ ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದಳು, ಸೂಜಿ ಚುಚ್ಚಲು ಬಂದರೆ ಬೇಡವೆನ್ನಿ ಅಂದಳು. ಮೂರನೇ ಸಲಕ್ಕೆ ಅಂಬಾದಾಸನ ತಾಳ್ಮೆ ತಪ್ಪಿತು.

"ಸಾಕು ಮಾಡು. ಫೋನ್ ಬಂದ್ ಮಾಡ್ಲಾಕತ್ತೀನಿ. ಅಲ್ಲಿ ಮುಟ್ಟಿ ಹೊಸ ಸಿಮ್ ಹಾಕ್ಕೊಂಡಿಂದ ಮಾತಾಡಾಮು," ಅಂದ. ಅಂದ ಹಾಗೇ ಮಾಡಿದ.

ಕಣ್ಣೊರೆಸಿಕೊಂಡು ಅವಳು ಹೋಟೆಲಿಗೆ ಹೋಗಿ ಎಲೆಕೋಸು ಹೆಚ್ಚಲು ಕೂತಳು. ಕುಶಲ ಗಲ್ಲಾದಿಂದಲೇ ಕೇಳಿದ. "ಏನು, ಹೊರಟ್ರಾ? ಈಗಾದ್ರೂ ಸಮಾಧಾನ ಮಾಡ್ಕೊ ಮಾರಾಯ್ತಿ."

"ಹೋದ್ರರಿ ಅಣ್ಣಾ. ಒಂದು ಸಮಾಧಾನ ಅಂದ್ರ, ಉಪವಾಸಂತೂ ಬೀಳಂಗಿಲ್ಲ. ಡಬ್ಬಿ ತುಂಬ ಅಂಟಿನುಂಡಿ ಇಟ್ಟೀನಿ."

"ಹೋ, ಹಾಗಾದ್ರೆ ದುಬೈ ಶೇಖನಿಗೂ ಒಂದು ಸಿಕ್ಕೀತು," ಎಂದು ಕುಶಲ ನಕ್ಕ. "ಎಂತೆಂತ ಹಾಕ್ತೀರಿ ಅದಕ್ಕೆ ನಿಮ್ಮ ಕಡೆ?"

ಅವಳು ಬೆರಳು ಮಡಚುತ್ತಾ ಹೇಳಿದಳು. ಗಸಗಸೆ ಅಂದಾಗ ಕುಶಲನ ನಗು ನಿಂತಿತು.

"ಗಸಗಸೆಯಾ?"

"ಹೌದ್ರಿ. ನಿದ್ದಿ ಬರ್ಲಂತ ಒಂದೀಟು ಜಾಸ್ತಿನ ಹಾಕೀನಿ."

ಕುಶಲ ಗಲ್ಲಾ ಬಿಟ್ಟು ಎದ್ದು ಅವಳ ಹತ್ತಿರ ಬಂದ. ಗಿರಾಕಿಯೊಬ್ಬ ಬಿಲ್ಲು ಹಿಡಿದು ನಿಂತಿದ್ದ, ಅವನತ್ತ ನೋಡಲೇ ಇಲ್ಲ. "ಅಲ್ಲಿ ಗಸಗಸೆ ಅಂದ್ರೆ ಅಫೀಮಿನ ಲೆಕ್ಕ ಶಿವಕಾಂತಾ. ಗಿಡ ಒಂದೇ ಅಲ್ವಾ. ಒಳಗೆ ತರ್ಲಿಕ್ಕೇ ಇಲ್ಲ, ಹಿಡಿದ್ರೆ ಜೈಲು. ನಮ್ಮ ಹೋಟೆಲಿಗೆ ಕೆಲಸಕ್ಕೆ ಅಂತ ಬಂದವನೊಬ್ಬ ಮಸಾಲೆ ಪುಡಿಯಲ್ಲಿ ತಂದು ಸಿಕ್ಕಿಬಿದ್ದ. ಅಡುಗೆಯದ್ದು ಅಂತ ತಿಳಿಸಿ ಹೇಳುವಷ್ಟರಲ್ಲಿ ತಿಂಗಳುಗಟ್ಟಲೆ ಒಳಗಿದ್ದ. ಬರುವಾಗ ಮನುಷ್ಯನ ಹಾಗೇ ಇರಲಿಲ್ಲ."

ಶಿವಕಾಂತಾ ಅವನ ಮುಖವನ್ನೇ ನೋಡಿದಳು. ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದಳು. "ಇಷ್ಟು ದಿನ ಎಲ್ಲಾದಕ್ಕೂ ನಗತಿದ್ರೆಲ್ಲರಿ," ಅಂದಳು.

"ಅದೆಲ್ಲ ಸುಳ್ಳಿತ್ತು, ನಕ್ಕೆ. ಇದು ಸುಳ್ಳಲ್ಲ."

ಎಷ್ಟು ಸುಳ್ಳಿಗೆ ಅತ್ತಿದ್ದಳೋ ಏನೋ, ಈ ಒಂದು ನಿಜಕ್ಕೆ ಅವಳಿಗೆ ಅಳುವೇ ಬರಲಿಲ್ಲ. ಅಂಬಾದಾಸನ ನಂಬರು ಒತ್ತಿದಳು, ಬಂದ್. ಕುಶಲ ತನ್ನ ಫೋನಿನಿಂದ ಮಾಡಿದ, ಬಂದ್. ಅವರನ್ನು ಕಳಿಸಿದ ಏಜೆಂಟನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಲಾಲಪ್ಪನ ನಂಬರಿಗೆ ಮಾಡಿದರೆ ಎತ್ತಿದವಳು ಶರಣಮ್ಮ.

"ಅವ್ರು ಫೋನ್ ನನ್ನ ಕೈಯಾಗ ಬಿಟ್ಟು ಹೋಗ್ಯಾರ, ಅಲ್ಲಿ ಹೊಸಾದು ತಗೋತಾರಂತ," ಅಂದಳು ಶರಣಮ್ಮ. "ಯಾಕ, ಏನಾತು? ನಿನ್ನ ದನಿ ಯಾಕ ಹಂಗದ?"

"ಏನಿಲ್ಲ ಕಾಕು," ಎಂದು ಶಿವಕಾಂತಾ ಫೋನಿಟ್ಟಳು. ಈ ಬಾಯಿಗೆ ಗಸಗಸೆಯ ಮಾತು ಬಿದ್ದರೆ ಸಂಜೆಯೊಳಗೆ ಅಂಬಾದಾಸನಿಗೆ ಗಲ್ಲು ಶಿಕ್ಷೆಯೇ ಆಗಿಹೋಗುತ್ತದೆ ಎನಿಸಿತು ಅವಳಿಗೆ.

ಕುಶಲ ಹೋಟೆಲನ್ನು ಹೆಂಡತಿ ರಾಜೀವಿಗೆ ಒಪ್ಪಿಸಿ ಸ್ಕೂಟರ್ ತೆಗೆದ. ವಿಮಾನ ಮಧ್ಯಾಹ್ನದ್ದು. ಹೋದರೆ ಸಿಕ್ಕರೂ ಸಿಕ್ಕಾರು, ಹೋಗದಿದ್ದರೆ ಸಿಗುವುದಿಲ್ಲ ಅಂದ. ಭೈರೋಬಾ ನಾಲಾದ ಸಿಗ್ನಲ್ಲಿನಲ್ಲಿ ಒಂದು ನೀರಿನ ಟ್ಯಾಂಕರ್ ಅಡ್ಡ ನಿಂತು ದಾರಿಯೇ ಮುಚ್ಚಿಹೋಗಿತ್ತು. ಹಿಂದೆ ಕೂತ ಶಿವಕಾಂತಾಳಿಗೆ ಇಳಿದು ಓಡಿಬಿಡೋಣ ಅನ್ನಿಸಿತು, ಆದರೆ ಏರ್‌ಪೋರ್ಟ್ ಇರುವ ಲೋಹಗಾಂವ್ ಏನು ಓಡಿ ಮುಟ್ಟುವಷ್ಟು ಹತ್ತಿರವೇ? ಯಾವ ಪಠಾಣನೂ ಅವಳ ಗಂಡನ ಕೂದಲು ಮುಟ್ಟಿರಲಿಲ್ಲ. ಯಾವ ಡಾಕ್ಟರೂ ಅವನ ಹೊಟ್ಟೆಗೆ ಕತ್ತರಿ ಹಾಕಿರಲಿಲ್ಲ. ಅವನಿಗೆ ಕೇಡು ಕಟ್ಟಿ ಕಳಿಸಿದ್ದು ಅವಳೇ, ತುಪ್ಪ ಹಾಕಿ, ಲುಂಗಿಯಲ್ಲಿ ಸುತ್ತಿ. ಇನ್ನೂ ಒಂದು ಮಾತು ಅವಳನ್ನು ಸುಡುತ್ತಿತ್ತು. ಏನಾದರೂ ಆಗಿ ಇವರು ಹೋಗುವುದು ನಿಲ್ಲಲಿ ಎಂದು ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಹೀಗೆ ನಿಲ್ಲಿಸಬೇಡ ತಾಯಿ, ಹೀಗಂತ ನಾ ಕೇಳಿರಲಿಲ್ಲ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಯೆರವಡಾ ದಾಟುವಾಗ ಕುಶಲ ತಲೆ ತಿರುಗಿಸದೆಯೇ ಹೇಳಿದ. "ಒಂದು ಮಾತು ನೆನಪಿಟ್ಕೊ. ಅಲ್ಲಿ ಬಾಯಿ ತಪ್ಪಿ, ಬ್ಯಾಗಲ್ಲಿ ಏನೋ ಉಂಟು ಅಂತ ಮಾತ್ರ ಹೇಳ್ಬೇಡ. ಬಾಂಬು ಅಂದ್ಕೊಂಡು ಎಲ್ಲರನ್ನೂ ಹಿಡಿದು ಕೂರಿಸ್ತಾರೆ. ಬೇರೆ ಎಂತಾದ್ರೂ ಹೇಳು."

ಏರ್‌ಪೋರ್ಟಿನ ಬಾಗಿಲಲ್ಲಿ ಗಾಡಿ ನಿಲ್ಲಿಸಲು ಬಿಡಲಿಲ್ಲ. ಅವಳನ್ನು ಇಳಿಸಿ, ಗಾಡಿ ಇಟ್ಟು ಬರುತ್ತೇನೆ ಎಂದು ಕುಶಲ ಹೋದ. ಶಿವಕಾಂತಾ ಒಬ್ಬಳೇ ಗಾಜಿನ ಬಾಗಿಲ ಮುಂದೆ ನಿಂತಳು. ಈರುಳ್ಳಿ ವಾಸನೆಯ ಸೀರೆ, ಕಾಲಿಗೆ ರಬ್ಬರ್ ಚಪ್ಪಲಿ. ಬಂದೂಕು ಹಿಡಿದ ಜವಾನ ಟಿಕೆಟ್ ಕೇಳಿದ.

"ಸಾಬ್, ಮೇರಾ ಆದ್ಮಿ ಅಂದರ್ ಹೈ. ದುಬೈ ಜಾತಾ ಹೈ. ಉಸ್ಕಾ ಗೋಲಿ ಘರ್ ಪೇ ರಹ ಗಯಾ," ಅಂದಳು. ಸುಳ್ಳು ಸರಾಗ ಬಂತು.

ಯಾವ ಗುಳಿಗೆ, ತೋರಿಸು ಅಂದ ಜವಾನ.

ಅದನ್ನು ಅವಳು ಯೋಚಿಸಿರಲಿಲ್ಲ. ಸೊಂಟದ ಚೀಲಕ್ಕೆ ಕೈ ಹಾಕಿದಳು. ರಕ್ತ ಕಡಿಮೆ ಇದೆಯೆಂದು ಸರಕಾರಿ ದವಾಖಾನೆಯಲ್ಲಿ ಅವಳಿಗೆ ಕೊಟ್ಟಿದ್ದ ಕೆಂಪು ಗುಳಿಗೆಯ ಪಟ್ಟಿಯೊಂದು ಕೈಗೆ ಬಂತು. ಅದನ್ನೇ ಹಿಡಿದಳು. ಜವಾನ ಗುಳಿಗೆ ನೋಡಿದ, ಅವಳನ್ನು ನೋಡಿದ. ಹೆಂಗಸರ ಗುಳಿಗೆ ಎಂದು ಅವನಿಗೆ ತಿಳಿಯಿತೋ ಇಲ್ಲವೋ, ಆ ದೇವರಿಗೇ ಗೊತ್ತು. ಒಳಗೆ ಓಡಾಡುತ್ತಿದ್ದ ವಿಮಾನದ ಕಂಪನಿಯ ಹುಡುಗಿಯನ್ನು ಕರೆದು, ಅವಳಿಂದ ಗಂಡನ ಹೆಸರು ಹೇಳಿಸಿದ. ಆಕೆ ಕೈಯಲ್ಲಿದ್ದ ಯಂತ್ರದಲ್ಲಿ ಏನೋ ಮಾತಾಡಿ ಒಳಗೆ ಹೋದಳು.

ಶಿವಕಾಂತಾ ಗಾಜಿಗೆ ಮುಖ ಹಚ್ಚಿ ಕಾದಳು. ಒಳಗೆ ಎಲ್ಲರೂ ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಕೊನೆಗೆ ಆ ಗುಂಪಿನೊಳಗಿಂದ ಅಂಬಾದಾಸ ಬಂದ. ಹೊಸ ಅಂಗಿ, ಕೈಯಲ್ಲಿ ಬೋರ್ಡಿಂಗ್ ಚೀಟಿ, ಮುಖದಲ್ಲಿ ಸಿಟ್ಟು. ಅಡ್ಡಕ್ಕೆ ಹಾಕಿದ ಕಂಬಿಯ ಆಚೆ ಅವನು, ಈಚೆ ಅವಳು, ನಡುವೆ ಜವಾನ.

"ಯಾವ ಗುಳಿಗಿನೇ? ಮಂದಿ ಮುಂದ ಮಾನ ಕಳೀಲಾಕ ಇಲ್ಲಿ ತನಕ ಬಂದೇನು?"

ಅಲ್ಲಿ ಕನ್ನಡ ತಿಳಿಯುವವರು ಯಾರೂ ಇರಲಿಲ್ಲ. ಅದೊಂದು ಆಸರೆಯಾಯಿತು. "ರೀ, ಸಿಟ್ಟಾಗಬ್ಯಾಡ್ರಿ, ನಗತಾ ಕೇಳ್ರಿ, ಆ ಪೊಲೀಸ ನೋಡ್ಲಾಕತ್ತಾನ. ಚೀಲದಾಗ ಅಂಟಿನುಂಡಿ ಇಟ್ಟೀನಿ. ಅದರಾಗ ಗಸಗಸಿ ಅದ. ಅಲ್ಲಿ ಗಸಗಸಿಗೆ ಜೈಲಿಗೆ ಹಾಕ್ತಾರಂತ. ತಗದು ಬಿಸಾಕ್ರಿ."

ಅಂಬಾದಾಸ ನಿಜಕ್ಕೂ ನಕ್ಕ. "ಕಿಡ್ನಿ ಮುಗೀತು, ಒಂಟಿ ಮುಗೀತು. ಈಗ ಗಸಗಸಿ ಬಂತೇನು? ಶರಣಮ್ಮ ಕಾಕು ಹೇಳಿದಳೇನು?"

"ಕುಶಲಣ್ಣಾ ಹೇಳಿದ್ರು. ಖರೆ ಅಂದ್ರ ಖರೆ ರೀ. ನನ್ನ ಮ್ಯಾಲ ಆಣಿ."

ಕುಶಲನ ಹೆಸರು ಕೇಳಿ ಅವನ ಮುಖ ಸ್ವಲ್ಪ ಬದಲಾಯಿತು. ದುಬೈ ಬಗ್ಗೆ ಹೆದರಬೇಡ ಎಂದು ಅವನಿಗೂ ಹೇಳಿ ಕಳಿಸಿದವನು ಕುಶಲನೇ. "ಡಬ್ಬಿ ನನ್ನ ಚೀಲದಾಗ ಇಲ್ಲ," ಅಂದ ಅಂಬಾದಾಸ. "ತೂಕ ಮಾಡುವಾಗ ನಂದು ಭಾರ ಆತು. ಕಾಕಾನ ಚೀಲ ಹಗುರಿತ್ತು. ಡಬ್ಬಿ ತಗದು ಅದರಾಗ ಹಾಕಿದೆ. ಎರಡೂ ಚೀಲ ಒಳಗ ಹೋದವು."

ಶಿವಕಾಂತಾಳ ಎದೆ ಮೇಲಿನ ಕಲ್ಲು ಸರಿದ ಹಾಗಾಯಿತು. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ಅವಳಿಗಾದದ್ದು ಸಂತೋಷವೇ. ಗಂಡನ ಚೀಲ ಚೊಕ್ಕವಿದೆ. ಈಗ ತಿರುಗಿ ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಂಬಾದಾಸನೂ ಅದನ್ನೇ ಅಂದ. "ನನ್ನ ಚೀಲದಾಗಂತೂ ಇಲ್ಲಲ್ಲ. ನಿನಗ ಅದ ಬೇಕಿತ್ತು. ಮನಿಗಿ ಹೋಗು. ಈಗ ಬಾಯಿ ಬಿಟ್ರ ಇಬ್ಬರನ್ನೂ ಇಳಿಸ್ತಾರ. ಅಲ್ಲಿ ಯಾರ ಉಂಡಿ ಒಡದು ನೋಡ್ತಾರ."

ಅವಳು ಹೆಜ್ಜೆ ಹಿಂದಿಟ್ಟಳು. ಹೌದು, ಇಟ್ಟಳು. ಆದರೆ ಅವನ ಭುಜದಾಚೆ, ದೂರದ ಕುರ್ಚಿಯಲ್ಲಿ ಕೂತ ಲಾಲಪ್ಪ ಕಂಡ. ಕಾಲು ಜೋಡಿಸಿ, ಎರಡೂ ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಕೂತಿದ್ದ. ಅವಳನ್ನು ಕಂಡು ಕೈ ಎತ್ತಿದ.

"ಹಿಡದ್ರ ಅವರು ಏನಂತಾರ ಹೇಳ್ರಿ," ಅಂದಳು ಶಿವಕಾಂತಾ. "ಇದು ನಂದಲ್ಲ, ಅಂಬಾದಾಸಂದು ಅಂತಾರೇನು? ಅನ್ನಂಗಿಲ್ಲ. ನಿಮ್ಮ ಹೆಸರು ಅವರ ಬಾಯಾಗ ಬರಂಗಿಲ್ಲ. ಸುಮ್ಮ ಹೋಗಿ ಜೈಲಿನಾಗ ಕುಂಡ್ರತಾರ. ನೀವು ದಿನಾ ಕೆಲಸಕ್ಕ ಹೋಗಿ ಬಂದು ಉಣ್ಣತೀರೇನು?"

ಗುಳಿಗೆ ಕೊಟ್ಟು ಹೊರಡು ಎಂದು ಜವಾನ ಕೈ ಮಾಡಿದ. ಅಂಬಾದಾಸ ಆ ಕೆಂಪು ಗುಳಿಗೆಯ ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಕಿಸೆಗೆ ಹಾಕಿಕೊಂಡು ಒಳಗೆ ಹೋದ. ಹೇಳುತ್ತಾನೋ ಇಲ್ಲವೋ ಎಂದು ಅವನ ಬೆನ್ನು ನೋಡಿ ತಿಳಿಯುವಂತಿರಲಿಲ್ಲ.

ಕುಶಲ ಬಂದ. ಇಬ್ಬರೂ ಕಂಬದ ಬಳಿ ನಿಂತರು. ಒಂದು ವಿಮಾನ ಹಾರಿತು. ಅದೇ ಇರಬಹುದಾ ಎಂದು ಶಿವಕಾಂತಾ ಕೇಳಿದಳು. ಅಲ್ಲ ಅಂದ ಕುಶಲ. ಇನ್ನೊಂದು ಹಾರಿತು, ಈ ಸಲ ಅವಳು ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾನು ಎಂದು ಹೆದರಿದಳು. ಹೇಳಿದರೆ ಅಂಬಾದಾಸನ ಕೆಲಸ ಹೋಗಬಹುದು, ಹೇಳದಿದ್ದರೆ ಲಾಲಪ್ಪ ಕಾಕಾ ಹೋಗಬಹುದು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಅವಳು ಯಲ್ಲಮ್ಮನ ಹೆಸರನ್ನಷ್ಟೇ ಹೇಳಿಕೊಳ್ಳುತ್ತಾ ನಿಂತಳು.

ಕಡೆಗೆ ಗಾಜಿನ ಬಾಗಿಲಲ್ಲಿ ಲಾಲಪ್ಪನೇ ಕಾಣಿಸಿಕೊಂಡ. ಕೈಯಲ್ಲಿ ಅವನ ನೀಲಿ ಚೀಲ, ಜತೆಗೆ ಆ ಕಂಪನಿ ಹುಡುಗಿ. ಅಂಬಾದಾಸ ಎಲ್ಲಾ ಹೇಳಿದ್ದ, ಡಬ್ಬಿ ನನ್ನದು ಎಂದೇ ಹೇಳಿದ್ದ. ಯಾರೂ ಬೈಯಲಿಲ್ಲ, ಯಾರೂ ಹಿಡಿಯಲಿಲ್ಲ. ಚೀಲವನ್ನು ಹೊರಗೆ ತರಿಸಿಕೊಟ್ಟರು, ಅಷ್ಟೇ. ಆದರೆ ಚೀಲಗಳನ್ನು ತೆಗೆದುಕೊಳ್ಳುವುದು ಮುಗಿದಿತ್ತು, ಮತ್ತೆ ಒಳಗೆ ಹಾಕಲು ಆಗುವುದಿಲ್ಲ. ತಂತಿ ತಿರುವುವ ಕೊಕ್ಕೆ ಇದ್ದ ಚೀಲವನ್ನು ಕೈಯಲ್ಲಿ ಒಯ್ಯಲೂ ಬಿಡುವುದಿಲ್ಲ. ಹೊರಗೆ ನಮ್ಮವರಿದ್ದಾರೆ, ಅವರಿಗೆ ಕೊಟ್ಟು ಬರುತ್ತೇನೆ ಎಂದು ಲಾಲಪ್ಪ ಕೇಳಿಕೊಂಡು ಬಂದಿದ್ದ.

"ಕಾಕಾ, ನನ್ನ ಸಲುವಾಗಿ ನಿಮಗ..." ಎಂದು ಶಿವಕಾಂತಾ ಶುರು ಮಾಡಿದಳು.

"ಇರ್ಲಿ ಬಿಡವ್ವ, ಕೈ ಹಗುರಾತು," ಅಂದ ಲಾಲಪ್ಪ. ಒಂದು ಅಂಗಿ, ಒಂದು ಟಾವೆಲ್ ಮಾತ್ರ ತೆಗೆದು ಬಗಲಿಗೆ ಇಟ್ಟುಕೊಂಡ. "ಚೀಲ ನಿನ್ನ ಕಾಕು ಕೈಯಾಗ ಕೊಡು. ಮುಟ್ಟಿದ ಕೂಡ್ಲೆ ಫೋನ್ ಮಾಡ್ತೀನಂತ ಹೇಳು." ಹುಡುಗಿ ಅವಸರ ಮಾಡಿದಳು. ಅವನು ಟಾವೆಲ್ಲಿನ ಸಮೇತ ಒಳಗೆ ಹೋದ, ಒಳಗೆ ಅಂಬಾದಾಸ ಅವನ ಬೆನ್ನ ಮೇಲೆ ಕೈ ಇಟ್ಟದ್ದು ಗಾಜಿನಲ್ಲಿ ಕಂಡಿತು.

ಶಿವಕಾಂತಾ ಚೀಲದಿಂದ ಡಬ್ಬಿ ತೆಗೆದು ಉಂಡೆಯನ್ನೆಲ್ಲ ಅಲ್ಲೇ ಕಸದ ತೊಟ್ಟಿಗೆ ಸುರಿದಳು. ಶರಣಮ್ಮನಿಗೆ ಫೋನ್ ಮಾಡಿ ಹೇಳು ಎಂದು ಕುಶಲ ಅಂದ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಎದುರು ಕೂತು ಕೈ ಹಿಡಿದು ತಪ್ಪೊಪ್ಪಿಕೊಳ್ಳಬೇಕು ಎಂದಳು ಅವಳು. ಅವಳ ಬುದ್ಧಿಗೆ ಅದೇ ದೊಡ್ಡತನ ಎನಿಸಿತ್ತು.

ಕುಶಲ ಅವಳನ್ನು ಓಣಿಯ ಬಾಯಿಗೆ ಇಳಿಸಿ ಹೋಟೆಲಿಗೆ ಹೋದ. ಚೀಲವನ್ನು ತಲೆಯ ಮೇಲೆ ಹೊತ್ತು ಶಿವಕಾಂತಾ ನಡೆದಳು. ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶರಣಮ್ಮ ತಿರುಗಿ ನೋಡಿದಳು.

ಆಗ ಶಿವಕಾಂತಾಳಿಗೆ ತಾನು ಏನು ಮಾಡಿದೆನೆಂದು ತಿಳಿಯಿತು. ಆ ಸಾಲಿನಲ್ಲಿ ಗಂಡಸಿನ ಚೀಲ ಗಂಡಸಿಲ್ಲದೆ ಬಂತೆಂದರೆ ಅದಕ್ಕೆ ಒಂದೇ ಅರ್ಥ. ಸ್ಲ್ಯಾಬಿನಿಂದ ಬಿದ್ದ ಮರಿಸ್ವಾಮಿಯದು ಹಾಗೇ ಬಂದಿತ್ತು, ಜತೆಗಾರರು ಚೀಲವನ್ನು ಹೊಸ್ತಿಲಲ್ಲಿಟ್ಟು ತಲೆ ತಗ್ಗಿಸಿ ನಿಂತಿದ್ದರು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಹೇಳುವುದು ಬೇಕಾಗಿಯೂ ಇರಲಿಲ್ಲ.

ಶರಣಮ್ಮ ಚೀರಲಿಲ್ಲ. ನಲ್ಲಿಯ ಕೆಸರಿನಲ್ಲೇ ಕೂತಳು. "ಎಲ್ಲಿ ಅವರು?" ಎಂದು ಮೆಲ್ಲಗೆ ಕೇಳಿದಳು.

"ಕಾಕಾ ಆರಾಮ ಇದ್ದಾರ ಕಾಕು. ವಿಮಾನ ಹತ್ಯಾರ. ದೇವರಾಣಿ."

"ಆರಾಮ ಇದ್ದವ್ರ ಚೀಲ ಯಾಕ ಬಂತು?"

"ಗಸಗಸಿ ಸಲುವಾಗಿ," ಅಂದಳು ಶಿವಕಾಂತಾ. ಅಂದ ಮಾತು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಕಿಡ್ನಿ ಕದಿಯುವುದನ್ನಾದರೂ ನಂಬಬಹುದು, ಗಸಗಸೆಗಾಗಿ ಚೀಲ ಇಳಿಸಿದರು ಅಂದರೆ ಯಾರು ನಂಬಬೇಕು? ಉಂಡೆ ಕಟ್ಟಿದ್ದು, ಡಬ್ಬಿ ಚೀಲ ಬದಲಾಯಿಸಿದ್ದು, ಕುಶಲ ಹೇಳಿದ್ದು, ಎಲ್ಲ ಹೇಳಿದಳು. ಶರಣಮ್ಮ ತಲೆ ಆಡಿಸುತ್ತಲೇ ಇದ್ದಳು.

"ಮುಂಜಾನಿ ಫೋನ್ ಮಾಡಿದಿ. ದನಿ ನಡಗ್ತಿತ್ತು. ಏನಿಲ್ಲ ಅಂದಿ. ಈಗೂ ಹಂಗೇ ಅಂತಿ."

ಹೆಂಗಸರು ಹಿಡಿದೆತ್ತಿ ಮನೆಯೊಳಗೆ ಕೂರಿಸಿದರು. ಶರಣಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಯಾರು ಏನು ಹೇಳಿದರೂ ಬಿಡಲಿಲ್ಲ. ಬಂದವರೆಲ್ಲ ಒಬ್ಬೊಬ್ಬರಾಗಿ ತಮ್ಮ ಮನೆಗೆ ಹೋದ ಮೇಲೆ ಅವಳು ಗೋಡೆ ನೋಡುತ್ತಾ ಮಾತಾಡಿದಳು.

"ನಿನಗ ಹೇಳಿದ್ದರಾಗ ಕಿಡ್ನಿದು ಒಂದೇ ಮೊಬೈಲ್‌ದಾಗ ಬಂದಿತ್ತು ಶಿವಕಾಂತಿ. ಉಳಿದದ್ದು ನಾನ ಹುಟ್ಟಿಸಿದ್ದು. ಪಠಾಣ, ಒಂಟಿ, ಎಲ್ಲಾ. ನನ್ನ ಮಾತು ಅವ್ರು ಕೇಳಂಗಿಲ್ಲ, ಆದ್ರ ಅಂಬಾದಾಸ ನಿಂತ್ರ ಅವ್ರು ಒಬ್ಬರ ಹೋಗ್ತಿದ್ದಿಲ್ಲ. ನೀ ಅತ್ತು ಕರದು ನಿನ್ನ ಗಂಡಗ ನಿಲ್ಲಿಸ್ತಿ ಅಂತ ಮಾಡಿದ್ದೆ."

ಶಿವಕಾಂತಾಳಿಗೆ ಸಿಟ್ಟು ನೆತ್ತಿಗೇರಿತು. ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳು, ಎಷ್ಟು ಸಲ ಗಂಡನ ಕೈಯಲ್ಲಿ ಬೈಸಿಕೊಂಡಿದ್ದಳು. "ನಿನ್ನ ಸುದ್ದಿ ನಂಬಿ ಉಂಡಿ ಕಟ್ಟಿದೆ ಕಾಕು," ಅಂದಳು. "ಆ ಉಂಡಿ ನಿನ್ನ ಗಂಡನ ಚೀಲಕ್ಕ ಹೋತು."

"ಗೊತ್ತದ," ಅಂದಳು ಶರಣಮ್ಮ. "ನೀ ಹೇಳಿದ್ದು ಖರೆ ಆದ್ರ ಹಂಗ. ಖರೆ ಆಗ್ಲಿ ಅಂತ ಬೇಡ್ಕೋಳ್ಳಾಕತ್ತೀನಿ."

ಶಿವಕಾಂತಾ ಎದ್ದು ಚಹಾ ಮಾಡಿದಳು, ಇಬ್ಬರೂ ಕುಡಿಯಲಿಲ್ಲ. ಪತ್ರಾದ ಮೇಲಿನ ಬಿಸಿಲು ಇಳಿಯಿತು. ಪಕ್ಕದ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ವಿಮಾನ ಮುಟ್ಟುವ ಹೊತ್ತು ದಾಟಿತ್ತು ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ತೆಗೆಯಲಿಲ್ಲ. ಈಗ ಶಿವಕಾಂತಾಳಿಗೂ ಅನುಮಾನ ಬಂತು. ಡಬ್ಬಿಯಿಂದ ಎರಡು ಕಾಳು ಗಸಗಸೆ ಕಾಕಾ ಒಯ್ದ ಆ ಅಂಗಿಗೆ ಅಂಟಿಕೊಂಡಿದ್ದರೆ?

ಶರಣಮ್ಮನ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ಉದ್ದನೆಯ ನಂಬರು. ಶರಣಮ್ಮ ಅದನ್ನು ಕೆಂಡದ ಹಾಗೆ ಮುಂದೆ ಚಾಚಿದಳು. "ನೀ ಎತ್ತು. ನನ್ನ ಕೈಲಿ ಆಗಂಗಿಲ್ಲ."

ಶಿವಕಾಂತಾ ಒತ್ತಿ, ದನಿ ಇಬ್ಬರಿಗೂ ಕೇಳುವಂತೆ ಜೋರು ಮಾಡಿದಳು. ಮೊದಲು ಗದ್ದಲ, ಯಾವುದೋ ಗಾಡಿಯ ಸಪ್ಪಳ, ಹಿಂದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು. ಆಮೇಲೆ ಲಾಲಪ್ಪನ ದನಿ ಬಂತು, ಓಣಿಯ ಆ ತುದಿಯಿಂದ ಕೂಗಿದಷ್ಟು ಜೋರಾಗಿ.

"ಶರಣಿ, ಚೀಲ ಮುಟ್ಟಿತೇನು?"

ಶರಣಮ್ಮ ಚೀಲವನ್ನು ತೊಡೆಯಿಂದ ನೆಲಕ್ಕೆ ತಳ್ಳಿದಳು.

"ಚೀಲ ಹಾಳಾಗಿ ಹೋಗ್ಲಿ," ಅಂದಳು. "ನೀವು ಮುಟ್ಟಿದ್ರೇನು?"